ನಾರ್ವೆಗೆ ಡಿಸೆಂಬರೇ ಒಳ್ಳೆಯದು

ಬೋಳಾರ

ಮಳೆಗಾಲದಲ್ಲಿ ದೋಣಿ ಹತ್ತುವುದು ಬುದ್ಧಿ ಇರುವವರು ಮಾಡುವ ಕೆಲಸವಲ್ಲ. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಬೋಳಾರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರವಾನೆ ವಿಭಾಗ ನೋಡಿಕೊಂಡವನು ನಾನು. ಸುಟ್ಟ ಹೆಂಚನ್ನು ನೇತ್ರಾವತಿ ನದಿಯ ದಡದಲ್ಲಿ ಮಂಜಿಗೆ, ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿಗೆ ತುಂಬಿಸಿ ಊರೂರಿಗೆ ಕಳಿಸುವುದು ನನ್ನ ಕೆಲಸ. ಮೇ ತಿಂಗಳ ಕೊನೆಗೆ, ಉತ್ಸವಗಳಿಗೆಲ್ಲ ತೆರೆ ಎಳೆಯುವ ಪತ್ತನಾಜೆಯ ದಿನ ಕಳೆಯಿತೆಂದರೆ ಮಂಜಿಗಳನ್ನು ದಡಕ್ಕೆ ಎಳೆದು, ತೆಂಗಿನ ಮಡಲು ಹೊದೆಸಿ ಬಿಡುತ್ತಾರೆ. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ, ನದಿ ಕಡಲು ಸೇರುವ ಅಳಿವೆಯ ಬಾಯಿಯ ಕಡೆಗೆ ಕಾಗೆ ಕೂಡ ಹೋಗುವುದಿಲ್ಲ. ಅದೇ ಡಿಸೆಂಬರ್ ಬಂತೆನ್ನಿ, ಆಕಾಶ ತೊಳೆದಿಟ್ಟ ಹಾಗೆ, ಕಡಲು ಮಲಗಿದ ಹಾಗೆ. ಮದುವೆ, ಭೂತಕೋಲ, ಯಕ್ಷಗಾನ, ದೂರದ ಪ್ರಯಾಣ, ಎಲ್ಲವೂ ಆಗಲೇ.

ಎಂಬತ್ತರ ದಶಕದ ಆರಂಭದ ಒಂದು ವರ್ಷ ನಮಗೆ ನಾರ್ವೆಯಿಂದ ಕಾಗದ ಬಂತು. ನನ್ನ ಹೆಂಡತಿ ಸುಮತಿಯ ತಮ್ಮ ದಯಾನಂದ ಅಲ್ಲಿ ಬೆರ್ಗೆನ್ ಎಂಬ ಊರಿನಲ್ಲಿ ಹಡಗಿನ ಇಂಜಿನಿಯರ್. ಮದುವೆಯಾಗಿಲ್ಲ. ಕೆಲಸಕ್ಕೆ ಸೇರಿ ಹತ್ತು ವರ್ಷ ತುಂಬಿದವರ ಮನೆಯವರಿಗೆ ಅವನ ಕಂಪೆನಿಯವರು ಒಂದೇ ಒಂದು ಸಲ ವಿಮಾನದ ಟಿಕೇಟು ಕೊಡುತ್ತಾರಂತೆ. 'ಅಕ್ಕ, ಭಾವ, ಇಬ್ಬರೂ ಬನ್ನಿ, ಫ್ಯೋರ್ಡ್ ತೋರಿಸುತ್ತೇನೆ. ಜೂನಿನಲ್ಲಿ ಬನ್ನಿ' ಎಂದು ಬರೆದಿದ್ದ. ಫ್ಯೋರ್ಡ್ ಎಂದರೆ ಎತ್ತರದ ಬೆಟ್ಟಗಳ ನಡುವೆ ಮೈಲುಗಟ್ಟಲೆ ಒಳಗೆ ನುಗ್ಗಿದ ಕಡಲು.

ಸುಮತಿ ಕಾಗದವನ್ನು ಎರಡು ಸಲ ಓದಿ, ಮಡಚಿ, "ಇದೊಂದು ನಂಗೆ ನೋಡ್ಬೇಕು" ಎಂದಳು.

ಅವಳು ಇಂಥದ್ದು ಬೇಕೆಂದು ಕೇಳುವ ಜಾತಿಯವಳಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ನಾವು ಮಾಡಿದ ಪ್ರವಾಸಗಳನ್ನು ನೆನಪು ಮಾಡಿದರೆ ನನಗೇ ನಾಚಿಕೆಯಾಗುತ್ತದೆ. ಮದುವೆಯ ಹೊಸತರಲ್ಲಿ ಕಲ್ಲಿಕೋಟೆಗೆ ಕರೆದುಕೊಂಡು ಹೋಗಿದ್ದೆ, ಅಲ್ಲಿ ಒಂದು ಕಾರ್ಖಾನೆಯ ಹೆಂಚು ಸುಡುವ ಗೂಡು ನೋಡಲಿಕ್ಕಿತ್ತು. ಆಮೇಲೆ ಕುಂದಾಪುರ, ಒಡೆದ ಹೆಂಚಿನ ತಕರಾರು. ಗೋವಾಕ್ಕೂ ಹೋಗಿದ್ದೇವೆ, ಅಲ್ಲಿ ಅವಳು ನೋಡಿದ್ದು ಗೋದಾಮು.

ಹಾಗಾಗಿ ಈ ಸಲ ಅವಳ ಆಸೆ ನೆರವೇರಿಸಲೇಬೇಕೆಂದು ನಾನು ಪ್ರಾಮಾಣಿಕವಾಗಿ ಹೊರಟೆ. ಜೂನ್ ಎಂಬ ಒಂದು ಶಬ್ದ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

"ಜೂನಿನಲ್ಲಿ ದೋಣಿಯಾ? ನಿನ್ನ ತಮ್ಮನಿಗೆ ಎಂತ, ತಲೆ ಸರಿ ಉಂಟಾ?"

"ಅವ ಅಲ್ಲಿ ಹತ್ತು ವರ್ಷದಿಂದ ಇದ್ದಾನಲ್ಲ. ಅವನಿಗೆ ಗೊತ್ತಿರ್ಲಿಕ್ಕಿಲ್ವಾ?"

"ಅವ ಇಂಜಿನ್ ರೂಮಿನವ. ಹಡಗಿನ ಹೊಟ್ಟೆಯಲ್ಲಿ ಕೂತವನಿಗೆ ಮೇಲೆ ಮಳೆಯೋ ಬಿಸಿಲೋ ಎಂತ ಗೊತ್ತಾಗ್ತದೆ?"

ಸಾಲದ್ದಕ್ಕೆ ನಮ್ಮ ಮಂಜಿಯ ತಂಡೇಲ, ಅಂದರೆ ದೋಣಿ ನಡೆಸುವ ಯಜಮಾನ, ಮೊಯ್ದಿನ್ ಬ್ಯಾರಿಯನ್ನೂ ಕೇಳಿದೆ. ನಲುವತ್ತು ವರ್ಷ ಕಡಲಲ್ಲಿ ಇದ್ದವನು. ಅವನು ಬೀಡಿಯನ್ನು ಬಾಯಿಂದ ತೆಗೆದು, "ಎರಡು ಬದಿಯಲ್ಲೂ ಬಂಡೆ, ನಡುವೆ ನೀರು, ಅದ್ರಲ್ಲಿ ಜೂನಿನಲ್ಲಿ ಹೋಗುದಾ ಶೆಟ್ರೆ? ನಿಮ್ಗೆ ಎರಡು ಹೆಣ್ಣುಮಕ್ಕಳಿದ್ದಾರೆ, ನೆನಪುಂಟಲ್ಲ?" ಎಂದ. ಅಲ್ಲಿಗೆ ವಿಷಯ ತೀರ್ಮಾನವಾಯಿತು. ಡಿಸೆಂಬರಿಗೆ ಬರುತ್ತೇವೆ ಎಂದು ಬರೆದೆ.

'ಡಿಸೆಂಬರಿನಲ್ಲಿ ಇಲ್ಲಿ ಹಗಲು ಸಣ್ಣದು, ಭಾವ' ಎಂದು ದಯಾನಂದ ಮರುಟಪಾಲಿನಲ್ಲಿ ಬರೆದ. 'ಇಲ್ಲಿಯೂ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಪರವಾಗಿಲ್ಲ' ಎಂದು ನಾನು ಉತ್ತರಿಸಿದೆ. ಅಕ್ಕನ ಗಂಡನ ಹತ್ತಿರ ಅದಕ್ಕಿಂತ ಹೆಚ್ಚು ವಾದ ಮಾಡುವ ಕ್ರಮ ನಮ್ಮಲ್ಲಿಲ್ಲ. ಟಿಕೇಟು ಡಿಸೆಂಬರಿಗೇ ಬಂತು.

ರವಾನೆ ಪಟ್ಟಿಯ ಹಿಂಬದಿಯಲ್ಲಿ ನಾನು ಎಂಟು ದಿನದ ಯೋಜನೆ ಬರೆದೆ. ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಸ್ವಲ್ಪ ನಿದ್ದೆ. ಬಿಸಿಲಿನ ಝಳ ಇಳಿದ ಮೇಲೆ ನಾಲ್ಕರಿಂದ ಆರರವರೆಗೆ ದೃಶ್ಯ ವೀಕ್ಷಣೆ. ಎಂಟು ದಿನಕ್ಕೂ ಹಾಗೆಯೇ. ಸುಮತಿ ಪೆಟ್ಟಿಗೆಯಲ್ಲಿ ಎರಡು ಕೊಡೆ ಇಟ್ಟಿದ್ದಳು. ಡಿಸೆಂಬರಿನಲ್ಲಿ ಕೊಡೆ ಹಿಡಿದು ಇಳಿದರೆ ಜನ ನಗುತ್ತಾರೆ ಎಂದು ನಾನು ಅದನ್ನು ಹೊರಗೆ ತೆಗೆದೆ.

ವಿಮಾನದಲ್ಲಿ

ಬೊಂಬಾಯಿಯಿಂದ ಕೋಪನ್‌ಹೇಗನ್‌ಗೆ ಹೋಗುವಾಗ ಕಿಟಕಿಯ ಪಕ್ಕದ ಸೀಟಿನಲ್ಲಿ ನಾನು ಕೂತೆ. ಯೋಜನೆ ಮಾಡಿದವನಿಗೆ ದಾರಿ ಕಾಣಬೇಕು ಎಂಬುದು ನನ್ನ ವಾದ. ಕೂತ ಹತ್ತು ನಿಮಿಷಕ್ಕೆ ನಿದ್ದೆ ಬಂತು. ಎಚ್ಚರವಾದಾಗ ಸುಮತಿ ನನ್ನ ಹೊಟ್ಟೆಯ ಮೇಲಿನಿಂದ ಕುತ್ತಿಗೆ ಚಾಚಿ ಹೊರಗೆ ನೋಡುತ್ತಿದ್ದಳು. ಹಿಮ ಬಿದ್ದ ಬೆಟ್ಟಗಳು ಕಂಡವಂತೆ. "ಎಬ್ಬಿಸಬಾರದಿತ್ತಾ?" ಎಂದೆ. "ಎರಡು ಸಲ ಎಬ್ಬಿಸಿದೆ, ನೀವು ಲೋಡಿಂಗ್ ಆಯ್ತಾ ಅಂತ ಕೇಳಿದ್ರಿ" ಎಂದಳು.

ಬೆರ್ಗೆನ್, ಇಳಿದ ದಿನ

ಇನ್ನೊಂದು ಸಣ್ಣ ವಿಮಾನ ಹಿಡಿದು ಬೆರ್ಗೆನ್‌ನಲ್ಲಿ ಇಳಿದೆವು. ದಯಾನಂದ ಎರಡು ದಪ್ಪ ಕೋಟು, ಎರಡು ಕೊಡೆ ಹಿಡಿದು ನಿಂತಿದ್ದ. ಹೊರಗೆ ಬಂದರೆ ಕಪ್ಪು ಕತ್ತಲೆ, ಧೋ ಎಂದು ಮಳೆ.

"ಗಂಟೆ ಎಷ್ಟಾಯ್ತು?" ಎಂದು ಕೇಳಿದೆ.

"ನಾಲ್ಕು, ಭಾವ."

"ಬೆಳಗ್ಗಿನದ್ದಾ?"

"ಸಂಜೆದು."

ಸುಮತಿ ನನ್ನನ್ನು ನೋಡಿದಳು. ನಾನು ಆಕಾಶ ಇರಬೇಕಾದ ಕಡೆ ನೋಡಿದೆ. ನನ್ನ ಯೋಜನೆಯ ಪ್ರಕಾರ ದೃಶ್ಯ ವೀಕ್ಷಣೆ ಆರಂಭವಾಗಬೇಕಾದ ಹೊತ್ತು ಅದು.

"ಮೋಡ ಇರ್ಬೇಕು" ಎಂದೆ.

"ಮೋಡವೂ ಉಂಟು, ಭಾವ" ಎಂದ ದಯಾನಂದ. ಪಾಪ, ಸಭ್ಯ ಹುಡುಗ.

ಮರುದಿನ ಬೆಳಗ್ಗೆ ನಾವಿಬ್ಬರೂ ಅಭ್ಯಾಸದಂತೆ ಐದೂವರೆಗೆ ಎದ್ದೆವು. ಕಾಫಿ ಕುಡಿದು ಕಿಟಕಿಯ ಹತ್ತಿರ ಕೂತೆವು. ಆರು ಆಯಿತು, ಏಳಾಯಿತು, ಎಂಟಾಯಿತು. ಬೆಳಗಾಗಲಿಲ್ಲ. ತಡವಾದ ಮದ್ರಾಸ್ ಮೇಲ್ ರೈಲಿಗೆ ಕಾದ ಹಾಗೆ ಸೂರ್ಯನಿಗೆ ಕಾದೆವು. ಒಂಬತ್ತೂವರೆ ಕಳೆದ ಮೇಲೆ ಆಚೆ ಮನೆಯ ಗೋಡೆ ಯಾವ ಬಣ್ಣದ್ದೆಂದು ಗೊತ್ತಾಗುವಷ್ಟು ಬೆಳಕು ಬಂತು. ಊಟ ಮುಗಿಸಿ ಕೈ ತೊಳೆಯುವಾಗ ಅದು ಹೋಗಲಿಕ್ಕೆ ಸಿದ್ಧವಾಗಿತ್ತು.

"ಜೂನಿನಲ್ಲಿ ಇಲ್ಲಿ ರಾತ್ರಿ ಹನ್ನೊಂದಕ್ಕೂ ಪೇಪರ್ ಓದಬಹುದು" ಎಂದು ದಯಾನಂದ ತಟ್ಟೆ ತೊಳೆಯುತ್ತಾ ಹೇಳಿದ. ಯಾರಿಗೆ ಹೇಳಿದ್ದೆಂದು ನಾನು ಕೇಳಲಿಲ್ಲ.

ಬೆರ್ಗೆನ್, ನಡುವಿನ ದಿನಗಳು

ಗಾಳಿ ಜೋರಿದೆಯೆಂದು ಮೊದಲ ಮೂರು ದಿನ ಫ್ಯೋರ್ಡಿಗೆ ಹೋಗುವ ದೋಣಿ ಬಿಡಲಿಲ್ಲ. ನಾಲ್ಕನೆಯ ದಿನ ಬಿಟ್ಟರೂ, ಹೋಗಿ ಪ್ರಯೋಜನವಿಲ್ಲ, ಮಂಜು ಮುಚ್ಚಿದೆ ಎಂದರು. ಆಮೇಲೆ ಪುನಃ ಗಾಳಿ. ನಾವು ಕೊಡೆ ಹಿಡಿದು ಊರು ಸುತ್ತಿದೆವು. ನಮ್ಮ ಮಳೆಗೆ ಸಿಟ್ಟಿದೆ, ಗುಡುಗು ಮಿಂಚು ಇದೆ, ಬಂದು ಬೈದು ಹೋಗುತ್ತದೆ. ಅಲ್ಲಿಯ ಮಳೆ ಬೈಯುವುದೂ ಇಲ್ಲ, ಹೋಗುವುದೂ ಇಲ್ಲ.

ಒಂದು ಬೇಕರಿಯ ಹೊರಗೆ ಮಗುವಿನ ತಳ್ಳುಗಾಡಿ ನಿಂತಿತ್ತು. ಒಳಗೆ ಆರು ತಿಂಗಳ ಕೂಸು, ಕಂಬಳಿಯಲ್ಲಿ ಸುತ್ತಿ ಮೂಗು ಮಾತ್ರ ಹೊರಗೆ, ಆ ಕೊರೆಯುವ ಚಳಿಯಲ್ಲಿ ಗಾಢ ನಿದ್ದೆ. ಸುತ್ತಮುತ್ತ ಯಾರೂ ಇಲ್ಲ. ತಾಯಿ ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾಳೆ. ಚಳಿಗಾಳಿಯಲ್ಲಿ ಮಲಗಿದರೆ ಮಗು ಗಟ್ಟಿಯಾಗುತ್ತದೆಂದು ಅಲ್ಲಿಯವರ ನಂಬಿಕೆಯಂತೆ. ದಯಾನಂದ ಇದನ್ನು ವಿವರಿಸುವ ಮೊದಲೇ ಸುಮತಿ ಗಾಡಿಯ ಪಕ್ಕ ಕಾವಲು ನಿಂತಾಗಿತ್ತು.

"ಬಾ, ಮಾರಾಯ್ತಿ."

"ನೀವು ಹೋಗಿ. ಇದರ ಅಮ್ಮ ಬರದೆ ನಾನು ಬರುದಿಲ್ಲ."

ಅರ್ಧ ಗಂಟೆ ನಿಂತಳು. ಒಂದು ನಾಯಿ ಹತ್ತಿರ ಬಂದದ್ದಕ್ಕೆ ತುಳುವಿನಲ್ಲಿ ಗದರಿಸಿದಳು. ಅದು ಕೂಡಲೇ ಹೋಯಿತು. ಕೊನೆಗೆ ತಾಯಿ ಹೊರಗೆ ಬಂದು, ಸೀರೆಯ ಮೇಲೆ ಗಂಡಸರ ಕೋಟು ಹಾಕಿಕೊಂಡು ತನ್ನ ಮಗುವಿಗೆ ಕೊಡೆ ಹಿಡಿದು ನಿಂತ ಹೆಂಗಸನ್ನು ನೋಡಿ ಗಾಬರಿಯಾಗಿ, ಆಮೇಲೆ ನಕ್ಕು, ಕೈಕುಲುಕಿದಳು. ಮರುದಿನವೂ ಸುಮತಿಯ ಕಣ್ಣು ಬೇಕರಿಗಳ ಹೊರಗೇ ಇತ್ತು.

ನನ್ನ ಕಣ್ಣು ಇದ್ದದ್ದು ಮನೆಗಳ ಮಾಡಿನ ಮೇಲೆ. ಬೆರ್ಗೆನ್ ಹೆಂಚಿನ ಊರು! ಮರದ ಮನೆಗಳಿಗೆ ಕೆಂಪು ಹೆಂಚು, ಬಾಗಿದ್ದು, ನಮ್ಮದರ ಹಾಗೆ ಚಪ್ಪಟೆಯಲ್ಲ. ಇಳಿಜಾರು ಎಷ್ಟು, ಒಂದರ ಮೇಲೊಂದು ಎಷ್ಟು ಹತ್ತಿದೆ, ಕೆಳಗಿನ ಸಾಲನ್ನು ಹೇಗೆ ನಿಲ್ಲಿಸಿದ್ದಾರೆ ಎಂದು ನೋಡುತ್ತಾ ನಾನು ಒಂದು ಮನೆಯ ಹಿತ್ತಲಿನವರೆಗೂ ಹೋದೆ. ಆ ಮನೆಯ ಅಜ್ಜ ಕಿಟಕಿಯಿಂದ ನನ್ನನ್ನು ನೋಡಿದ. ನಾನು ಮೇಲೆ ಬೆರಳು ತೋರಿಸಿ, ತಲೆದೂಗಿ, ಬಹಳ ಚೆನ್ನಾಗಿದೆ ಎಂದು ಸನ್ನೆ ಮಾಡಿದೆ. ಅವನು ಪರದೆ ಎಳೆದುಕೊಂಡ.

"ಹೆಂಚು ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದಳು ಸುಮತಿ. "ಏಣಿ ಇಟ್ಟು ನಮ್ಮ ಮನೆ ಮೇಲೆ ಹತ್ತಿದ್ರೆ ಸಾಕಿತ್ತಲ್ಲ."

ಅವಳು ನಗುತ್ತಾ ಹೇಳಿದ್ದಲ್ಲ. ಉಳಿದದ್ದು ಎರಡೇ ದಿನ, ಅದರಲ್ಲಿ ಕೊನೆಯದು ಹೊರಡುವ ದಿನ. ಟಿಕೇಟು ಮತ್ತೊಮ್ಮೆ ಸಿಗುವಂಥದ್ದಲ್ಲ. ರಾತ್ರಿ ಊಟಕ್ಕೆ ಬೇಯಿಸಿದ ಮೀನು, ಬೇಯಿಸಿದ ಬಟಾಟೆ ಇತ್ತು, ಮೆಣಸು ಹುಳಿ ಒಂದೂ ಇಲ್ಲ, ಜ್ವರ ಬಿಟ್ಟವರಿಗೆ ಕೊಡುವಂಥದ್ದು. ಅವಳು ಅದನ್ನು ಕೊನೆಯ ತುಂಡಿನವರೆಗೆ ತಿಂದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ದೋಣಿಯಲ್ಲಿ

ಏಳನೆಯ ದಿನ ಗಾಳಿ ನಿಂತಿತು. ದಯಾನಂದನಿಗೆ ಕೆಲಸವಿತ್ತು; ಬೆಳಗ್ಗೆ ಎಂಟಕ್ಕೆ, ಎಂದರೆ ಕಗ್ಗತ್ತಲಲ್ಲಿ, ನಮ್ಮಿಬ್ಬರನ್ನು ದೋಣಿ ಹತ್ತಿಸಿ ಹೋದ. ಟಪಾಲು, ಸಾಮಾನು, ಜನ ಎಲ್ಲವನ್ನೂ ಹೇರಿಕೊಂಡು ಫ್ಯೋರ್ಡಿನ ಒಳಗಿನ ಹಳ್ಳಿಗಳಿಗೆ ಹೋಗಿ ಸಂಜೆಗೆ ತಿರುಗಿ ಬರುವ ದೋಣಿ ಅದು. ಕ್ರಿಸ್ಮಸ್ ಹತ್ತಿರವಿದ್ದುದರಿಂದ ಜನರ ಹತ್ತಿರ ಪೊಟ್ಟಣಗಳಿದ್ದವು. ಹದಿನೈದು ಜನ, ಹದಿನೈದು ಕಿಟಕಿ, ಒಬ್ಬೊಬ್ಬರು ಒಂದೊಂದಕ್ಕೆ ಮುಖ ಮಾಡಿ ಕೂತರು. ಮಾತಿಲ್ಲ. ನಮ್ಮಲ್ಲಿ ತೊಕ್ಕೊಟ್ಟಿನಲ್ಲಿ ಬಸ್ಸು ಹತ್ತಿದವನು ನೇತ್ರಾವತಿಯ ಸೇತುವೆ ದಾಟುವುದರೊಳಗೆ ಪಕ್ಕದವನ ಮಗಳಿಗೆ ಗಂಡು ಸೂಚಿಸಿ ಆಗಿರುತ್ತದೆ.

ಸುಮ್ಮನಿರಲಾರದೆ ನಾನು ಕಾಫಿ ಕೊಡುವ ಹೆಂಗಸಿಗೆ, ನನಗೆ ಹಡಗಿನ ವ್ಯವಹಾರದಲ್ಲಿ ಮೂವತ್ತು ವರ್ಷದ ಅನುಭವವಿದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಕಾಫಿಯ ಜೊತೆ ಒಂದು ಕಾಗದದ ಚೀಲವನ್ನೂ ಇಟ್ಟು ಹೋದಳು. ಅದು ಯಾತಕ್ಕೆಂದು ಆಗ ಅರ್ಥವಾಗಲಿಲ್ಲ.

ಇಲ್ಲಿ ಒಂದು ಸತ್ಯ ಹೇಳಬೇಕು. ಮೂವತ್ತು ವರ್ಷ ನಾನು ಕಡಲಿಗೆ ಹೆಂಚು ಕಳಿಸಿದ್ದೇನೆ. ನಾನು ಹೋಗಿಲ್ಲ. ದಡದಲ್ಲಿ ನಿಂತು ಎಣಿಸಿದವನು, ಅಳಿವೆಯಿಂದಾಚೆ ಒಂದು ಮಾರು ದಾಟಿದವನಲ್ಲ. ಈ ವಿಷಯ ನನಗೆ ನೆನಪಾದದ್ದು ದ್ವೀಪಗಳ ಮರೆ ತಪ್ಪಿ ತೆರೆದ ಕಡಲಿನ ಒಂದು ತುಂಡು ಬಂದಾಗ. ದೋಣಿ ಒಮ್ಮೆ ಮೇಲೆದ್ದಿತು, ಒಮ್ಮೆ ಕೆಳಗಿಳಿಯಿತು. ನನ್ನ ಹೊಟ್ಟೆ ಮಾತ್ರ ಮೇಲೆಯೇ ಉಳಿಯಿತು.

ಕೆಳಗಿನ ಕೋಣೆಯಲ್ಲಿ ಒಂದು ಬೆಂಚಿನ ಮೇಲೆ ನನ್ನನ್ನು ಮಲಗಿಸಿದರು. ಸುಮತಿಗೆ ಏನೂ ಆಗಲಿಲ್ಲ. ದೋಣಿ ಫ್ಯೋರ್ಡಿನ ಒಳಗೆ ಹೊಕ್ಕು ನೀರು ಶಾಂತವಾಯಿತು, ಆದರೆ ಆ ಸುದ್ದಿ ನನ್ನ ಹೊಟ್ಟೆಗೆ ಮುಟ್ಟಲಿಲ್ಲ. ಅವಳು ಕಾಲು ಗಂಟೆಗೊಮ್ಮೆ ಕೆಳಗೆ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು.

"ಎಂತ ಕಾಣ್ತದೆ?" ಎಂದು ಕೇಳುತ್ತಿದ್ದೆ.

"ಮೋಡ."

ಮತ್ತೆ ಕಾಲು ಗಂಟೆ. "ಈಗ?"

"ಮೋಡವೇ. ನೀರೂ ಸರಿ ಕಾಣುದಿಲ್ಲ."

ಮಧ್ಯಾಹ್ನ ಹನ್ನೆರಡಾಯಿತು. ಇನ್ನು ಮೂರು ಗಂಟೆಗೆ ಕತ್ತಲು. ಅವಳು ಹೇಳದೆ ನುಂಗಿಕೊಂಡದ್ದೆಲ್ಲ ನನಗೆ ಅಲ್ಲಿ ಮಲಗಿದಲ್ಲಿ ಕೇಳಿಸಿತು. "ಸುಮತೀ, ನಂದು ತಪ್ಪಾಯ್ತು. ಜೂನಿಗೇ ಬರ್ಬೇಕಿತ್ತು" ಎಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಹೇಳಿದ ಮಾತು. ಮುಖ ಕಾಗದದ ಚೀಲದೊಳಗೆ ಇದ್ದುದರಿಂದ ಅದಕ್ಕೆ ತಕ್ಕ ಗಾಂಭೀರ್ಯ ಬರಲಿಲ್ಲ.

ಅವಳು ನೀರಿನ ಲೋಟ ಹತ್ತಿರ ಇಟ್ಟಳು. "ನೀರು ಕುಡೀರಿ" ಎಂದು ಹೇಳಿ ಮೇಲೆ ಹೋದಳು.

ಆಮೇಲೆ ಅವಳು ಬರಲಿಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಇಂಜಿನ್ನಿನ ಸದ್ದು ತಗ್ಗಿತು. ತಲೆಯ ಮೇಲೆ ಹಲಗೆಯಲ್ಲಿ ಹೆಜ್ಜೆಗಳ ಸದ್ದು. ಅಷ್ಟು ಹೊತ್ತು ಕಿಟಕಿಗೆ ಅಂಟಿಕೊಂಡಿದ್ದ ಜನರೆಲ್ಲ ಎದ್ದು ಒಂದೇ ಬದಿಗೆ ಹೋದ ಹಾಗೆ. ಬೆಳಗ್ಗಿನಿಂದ ತುಟಿ ಬಿಚ್ಚದಿದ್ದ ಯಾರೋ ಒಬ್ಬರು ಜೋರಾಗಿ ಏನೋ ಹೇಳಿದರು. ನಾನು ಏಳಲಿಕ್ಕೆ ನೋಡಿದೆ. ಕಾಲು ನೆಲ ಮುಟ್ಟಿತು, ತಲೆ ತಿರುಗಿತು, ಮತ್ತೆ ಬೆಂಚಿಗೆ ಬಿದ್ದೆ. ನನ್ನ ಪಕ್ಕದ ದುಂಡು ಕಿಟಕಿಯಲ್ಲಿ ಕಾಣುತ್ತಿದ್ದದ್ದು ದೋಣಿಯ ಇನ್ನೊಂದು ಬದಿಯ ನೀರು, ಅದೂ ಒಂದು ಗೇಣು.

ಕೊನೆಗೆ ಅವಳು ಇಳಿದು ಬಂದಳು. ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು, ಮೂಗು ಕೆಂಪಾಗಿತ್ತು. ಬೆಂಚಿನ ತುದಿಯಲ್ಲಿ ಕೂತಳು, ನನ್ನ ಹಣೆ ಮುಟ್ಟಲಿಲ್ಲ.

"ಎಂತಾಯ್ತು?"

"ಮೋಡ ಹೋಯ್ತು."

"ಈಗ?"

"ಪುನಃ ಬಂತು."

"ಎಷ್ಟು ಹೊತ್ತು ಇತ್ತು?"

"ಕಾಲು ಗಂಟೆ ಇರ್ಬಹುದು."

"ನನ್ನನ್ನು ಕರೀಬಹುದಿತ್ತಲ್ಲ! ಎರಡು ಜನ ಹಿಡ್ಕೊಂಡಿದ್ರೆ ನಾನು ಬರ್ತಿದ್ದೆ."

ಅವಳು ನನ್ನ ಕಡೆ ತಿರುಗಿದಳು. ಅವಳಿಗೇ ಆಶ್ಚರ್ಯವಾದ ಹಾಗಿತ್ತು.

"ನಿಮ್ಮ ನೆನಪೇ ಆಗ್ಲಿಲ್ಲ, ಮಾರಾಯ್ರೆ."

ನನಗೆ ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಊಟಕ್ಕೆ ಕೂತರೆ ನನ್ನ ಉಪ್ಪು, ಹೊರಗೆ ಹೋದರೆ ನನ್ನ ಕನ್ನಡಕ, ನಿದ್ದೆಯಲ್ಲಿ ಕೂಡ ನನ್ನ ಕೆಮ್ಮು ನೆನಪಿಟ್ಟುಕೊಂಡ ಹೆಂಗಸು ಇವಳು. ಸ್ವಲ್ಪ ಹೊತ್ತು ಮುಖ ಗೋಡೆಗೆ ತಿರುಗಿಸಿ ಮಲಗಿದೆ. ಆಮೇಲೆ ಸಿಟ್ಟು ಇಳಿಯಿತು. ಅವಳು ಬೇಡಿದ್ದು ಅವಳಿಗೆ ಸಿಕ್ಕಿತ್ತು, ಅದೂ ನನ್ನ ಯೋಜನೆಯನ್ನೆಲ್ಲ ದಾಟಿಕೊಂಡು. ನನಗೆ ನಿಜವಾಗಿ ಸಂತೋಷವಾಯಿತು, ಆ ಸಂತೋಷಕ್ಕೆ ಮತ್ತೊಮ್ಮೆ ವಾಂತಿಯಾಯಿತು.

ಹಿಂದೆ ಬರುವಾಗ

ದೋಣಿ ಕೊನೆಯ ಹಳ್ಳಿಯಲ್ಲಿ ಹಿಟ್ಟಿನ ಮೂಟೆ, ಕ್ರಿಸ್ಮಸ್ ಮರ, ಒಂದು ಹೊಲಿಗೆ ಮೆಷಿನ್ ಇಳಿಸಿ ತಿರುಗಿತು. ನನಗೆ ಸಂಪೂರ್ಣ ಗುಣವಾದಾಗ ಮೂರೂ ಮುಕ್ಕಾಲು. ಮೇಲೆ ಹೋಗಿ ಕಂಬಿ ಹಿಡಿದು ನಿಂತೆ. ಎರಡು ಬದಿಯಲ್ಲೂ ಜಗತ್ತಿನ ಅತಿ ಸುಂದರವಾದ ಬೆಟ್ಟಗಳಿದ್ದವು ಎಂದು ದಯಾನಂದ ಕೊಟ್ಟ ಪ್ರವಾಸಿಗರ ಪುಸ್ತಕದಲ್ಲಿ ಬರೆದಿದೆ. ನಾನು ಒಂದು ಗಂಟೆ ಹೊತ್ತು ಬಹಳ ಶ್ರದ್ಧೆಯಿಂದ ಕತ್ತಲನ್ನು ನೋಡಿದೆ. ಸುಮತಿ ಒಳಗೆ ಒಬ್ಬ ಮುದುಕಿಯ ಪಕ್ಕದಲ್ಲಿ ಕೂತಿದ್ದಳು. ಇಬ್ಬರಿಗೂ ಸಾಮಾನ್ಯವಾದ ಭಾಷೆ ಒಂದೂ ಇಲ್ಲ, ಆದರೂ ಆಗಾಗ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸುತ್ತಿದ್ದರು. ಮೋಡ ಸರಿದಾಗ ಆ ಮುದುಕಿಯೂ ಮೇಲೆ ನಿಂತಿದ್ದವಳಂತೆ. ಅವರ ನಡುವೆ ಹೋಗಿ ಕೂರಲು ನನಗೆ ಧೈರ್ಯ ಬರಲಿಲ್ಲ.

ಮತ್ತೆ ಬೋಳಾರ

ಊರಿಗೆ ಬಂದ ಮರುದಿನ ಮೊಯ್ದಿನ್ ಬ್ಯಾರಿ ಕಾರ್ಖಾನೆಯ ಬಾಗಿಲಲ್ಲೇ ಹಿಡಿದ. "ಹೇಗಾಯ್ತು ಶೆಟ್ರೆ? ನಾನು ಹೇಳಿದ ಹಾಗೆ ಕಡಲು ಸಾಪು, ಮಲಗಿದ ಹಾಗೆ ಇತ್ತಲ್ಲ?" ಇತ್ತು ಎಂದೆ. ಅವನ ನಲುವತ್ತು ವರ್ಷದ ಅನುಭವಕ್ಕೆ ಈ ವಯಸ್ಸಿನಲ್ಲಿ ಪೆಟ್ಟು ಕೊಡುವುದು ಬೇಡವೆನಿಸಿತು. ಅತ್ತಾವರದ ನಮ್ಮ ಅತ್ತಿಗೆ, ನೆರೆಕರೆಯವರು, ಆಫೀಸಿನವರು, ಎಲ್ಲರೂ ಫ್ಯೋರ್ಡ್ ಹೇಗಿತ್ತೆಂದು ಕೇಳಿದರು. ಎರಡು ಬದಿ ಬೆಟ್ಟ, ನಡುವೆ ನೀರು ಎಂದು ಪುಸ್ತಕದಲ್ಲಿದ್ದಷ್ಟು ಹೇಳಿ ಹೆಂಚಿನ ವಿಷಯಕ್ಕೆ ತಿರುಗಿಸಿಬಿಡುತ್ತಿದ್ದೆ. ಸುಮತಿ ಪಕ್ಕದಲ್ಲೇ ಇದ್ದರೂ ನನ್ನನ್ನು ಬಿಟ್ಟುಕೊಡಲಿಲ್ಲ.

ಆದರೆ ಬರೆಯಲು ಕೂತಾಗ ಅಷ್ಟು ಸಾಲದು. ಪ್ರವಾಸದ ಬಗ್ಗೆ ಬರೆದು, ನೋಡಲು ಹೋದದ್ದನ್ನೇ ಬಿಟ್ಟರೆ ಓದುವವರು ಏನೆನ್ನುತ್ತಾರೆ? ನಿನ್ನೆ ಕಾಗದ ಪೆನ್ನು ಹಿಡಿದು ಅಡಿಗೆಮನೆಗೆ ಹೋದೆ. ಅವಳು ಬಸಳೆ ಬಿಡಿಸುತ್ತಿದ್ದಳು.

"ಆ ಕಾಲು ಗಂಟೆಯ ವಿಷಯ ಸ್ವಲ್ಪ ಹೇಳು. ಬಣ್ಣ ಎಂತ ಇತ್ತು, ಎತ್ತರ ಎಷ್ಟು ಇತ್ತು. ನೀನು ಹೇಳಿದ ಹಾಗೆಯೇ ಬರೀತೇನೆ, ನಿನ್ನ ಹೆಸರೂ ಹಾಕ್ತೇನೆ."

ಅವಳ ಕೈ ನಿಂತಿತು. ಎಲ್ಲಿಯೋ ನೋಡಿದಳು, ಹೇಳುತ್ತಾಳೆಂದು ನಾನು ಪೆನ್ನಿನ ಮುಚ್ಚಳ ತೆಗೆದೆ.

"ಬೇಡ" ಎಂದಳು. "ಉಳಿದದ್ದೆಲ್ಲ ಬರೀರಿ. ಅದೊಂದು ನಂಗೆ ಇರ್ಲಿ."

ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನಾನು ಪೆನ್ನು ಮುಚ್ಚಿ, ಸದ್ದು ಮಾಡದೆ ಹೊರಗೆ ಬಂದೆ.